ವಸುಧಾ ಟೀಚರ ಹುಬ್ಬು

ಏನನ್ನಾದರೂ ಗಮನವಿಟ್ಟು ನೋಡುವಾಗ ಹುಬ್ಬು ಗಂಟಿಕ್ಕುವುದು ವಸುಧಾಗೆ ಚಿಕ್ಕಂದಿನಿಂದ ಬಂದದ್ದು. ಸೂಜಿಗೆ ನೂಲು ಪೋಣಿಸುವಾಗಲೂ ಅಷ್ಟೇ, ಲೆಕ್ಕ ಬಿಡಿಸುವಾಗಲೂ ಅಷ್ಟೇ. "ಹೆಣ್ಣುಮಕ್ಕಳ ಮುಖ ಹಸನ್ಮುಖವಾಗಿರಬೇಕು" ಎಂದು ಅಮ್ಮ ಹೆಬ್ಬೆರಳಿನಿಂದ ಹಣೆ ತಿಕ್ಕಿ ತಿಕ್ಕಿ ಸೋತರು. ಹೆಣ್ಣು ನೋಡಲು ಬಂದವರೊಬ್ಬರು "ಹುಡುಗಿಗೆ ಸಿಟ್ಟು ಜಾಸ್ತಿ ಕಾಣ್ತದೆ" ಎಂದು ಕಾಫಿ ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಶಿರ್ತಾಡಿಯ ಹತ್ತಿರದ ಶಾಲೆಯಲ್ಲಿ ಆಟದ ಟೀಚರ್ ಆದಮೇಲೆ ಮಕ್ಕಳಿಗೆ ಮಾತ್ರ ಬೇಗ ಅರ್ಥವಾಯಿತು: ಹುಬ್ಬು ಗಂಟಾಗಿದ್ದರೆ ಟೀಚರ್ ತಮ್ಮನ್ನೇ ನೋಡುತ್ತಿದ್ದಾರೆ.

ವಾಲಿಬಾಲ್ ತೀರ್ಪುಗಾರರ ಪರೀಕ್ಷೆ ಪಾಸಾದ ವರ್ಷ ಪುಂಜಾಲಕಟ್ಟೆಯ ಪಂದ್ಯಾಟಕ್ಕೆ ಕರೆ ಬಂತು. ಗಂಡಸರ ಫೈನಲಿಗೆ ನೆಟ್ಟಿನ ಪಕ್ಕದ ಎತ್ತರದ ಕುರ್ಚಿ ವಸುಧಾಗೆ, ಎದುರು ಬದಿಗೆ ಹಿರಿಯ ತೀರ್ಪುಗಾರ ರುಕ್ಮಯ್ಯ. ಕೊನೆಯ ಸೆಟ್ಟಿನಲ್ಲಿ ಊರಿನ ತಂಡದ ಆಟಗಾರ ಚೆಂಡು ಹೊಡೆಯುವಾಗ ಅವನ ಮೊಣಕೈ ನೆಟ್ಟಿಗೆ ತಾಗಿತು. ವಸುಧಾ ಸೀಟಿ ಊದಿ ಎದುರು ತಂಡಕ್ಕೆ ಅಂಕ ಕೊಟ್ಟರು. ಜನ ಹೋ ಎಂದು ಕೂಗಿದರು. ಸಂಘಟಕ ಚನಿಯಪ್ಪ ಮೈಕು ಹಿಡಿದುಕೊಂಡೇ ಓಡಿಬಂದರು.

"ಟೀಚರ್, ನೀವು ಸಿಟ್ಟಲ್ಲಿ ಸೀಟಿ ಊದಿದ್ದು ಅಂತ ಜನ ಹೇಳ್ತಾರೆ. ಸ್ವಲ್ಪ ನಗಾಡಿ ಮಾರಾಯ್ರೆ!"

"ನನಗೆ ಸಿಟ್ಟು ಇರ್ಲಿಲ್ಲ, ನೆಟ್ ನೋಡ್ತಾ ಇದ್ದೆ. ಈಗ ಬಂತು ನೋಡಿ ಸಿಟ್ಟು."

"ಮುಖ ಹಾಗೆ ಮಾಡಿದ್ರೆ ಜನ ಎಂತ ತಿಳ್ಕೊಳ್ಳುವುದು?"

"ಆಚೆ ರುಕ್ಮಯ್ಯ ಸರ್ ಮುಖ ನೋಡಿ. ನನಗಿಂತ ದೊಡ್ಡ ಗಂಟು ಉಂಟು. ಅವರ ಹತ್ರ ನಗ್ಲಿಕ್ಕೆ ಹೇಳಿದ್ರಾ?"

ರುಕ್ಮಯ್ಯನವರ ಕೈ ತಾನಾಗಿ ಹಣೆಗೆ ಹೋಯಿತು. ಹತ್ತಿರವಿದ್ದ ಕೆಲವರು ಕಿಸಕ್ಕೆಂದರು. ಚನಿಯಪ್ಪನವರಿಗೆ ರೇಗಿತು.

"ಹಾಗಾದ್ರೆ ಇಳೀರಿ. ಬೇರೆಯವರನ್ನು ಕೂರಿಸುವ."

ವಸುಧಾ ಕುರ್ಚಿಯ ಸರಳನ್ನು ಬಿಗಿಯಾಗಿ ಹಿಡಿದರು. "ನನ್ನ ತೀರ್ಪಲ್ಲಿ ತಪ್ಪು ಎಂತ ಅಂತ ಮೈಕಲ್ಲಿ ಹೇಳಿ, ಇಳೀತೇನೆ. ಮುಖದ ತಪ್ಪಿಗೆ ಇಳಿಯುವುದಿಲ್ಲ."

ಚನಿಯಪ್ಪ ಮೈಕನ್ನು ಬಾಯಿಯ ತನಕ ಒಯ್ದವರು ಹಾಗೇ ಇಳಿಸಿದರು. ಅವರು ಇನ್ನೇನಾದರೂ ಹೇಳುವ ಮೊದಲೇ ವಸುಧಾ ಸರ್ವಿಸಿಗೆ ಸೀಟಿ ಊದಿದರು. ಊರಿನ ತಂಡ ಸೋತಿತು. ಸ್ಮರಣಿಕೆ ಕೊಡುವಾಗ ಚನಿಯಪ್ಪ ವಸುಧಾ ಅವರ ಮುಖ ನೋಡಲಿಲ್ಲ. "ಸ್ಮೈಲ್ ಮೇಡಂ" ಎಂದ ಫೋಟೋದವನನ್ನು ವಸುಧಾ ನೆಟ್ಟಗೆ ನೋಡಿದರು, ಅಷ್ಟೇ.

ಮರುವರ್ಷ ಅಲ್ಲಿಂದ ಕರೆ ಬರಲಿಲ್ಲ. ಮಾಣಿ ಊರಿನ ಪಂದ್ಯಾಟದವರಿಂದ ಫೋನು ಬಂತು: "ಫೈನಲಿಗೆ ಕೂರ್ತೀರಾ ಟೀಚರ್?"

"ಕೂರ್ತೇನೆ. ಮುಖ ಮಾತ್ರ ಇದೇ."