ಕಿರುಬೆರಳಿನ ಛಲ್ಲಾ

ಕಳೆದ ಭಾನುವಾರ ಬೀದರಿನ ನಮ್ಮ ಮನೆಯ ಅಂಗಳದಲ್ಲಿ ಮಗಳು ತನ್ನ ಕಾರಿನ ಇಂಜಿನ್ ಎಣ್ಣೆ ಬದಲಿಸಿದಳು. ಕಾಲೇಜಿನಲ್ಲಿ ಪಾಠ ಹೇಳುವವಳು, ಗ್ಯಾರೇಜಿನವರ ಮೇಲೆ ನಂಬಿಕೆ ಇಲ್ಲದವಳು. ಗಾಡಿಯನ್ನು ಸ್ವಲ್ಪ ಹೊತ್ತು ಚಾಲೂ ಇಟ್ಟು ಬಿಸಿ ಮಾಡಿ, ಕೆಳಗೆ ಹಳೆಯ ಬೋಗುಣಿ ಸರಿಸಿ, ತಳದ ಬೋಲ್ಟು ಬಿಚ್ಚಿದಳು. ಸುಟ್ಟ ಎಣ್ಣೆ ಕಪ್ಪಗೆ ಇಳಿಯತೊಡಗಿತು. ಕುರ್ಚಿ ಹಾಕಿಕೊಂಡು ಕುಳಿತಿದ್ದ ನನ್ನವರೆಗೂ ಅದರ ವಾಸನೆ ಬಂತು. ಎಂಬತ್ತು ದಾಟಿದ ಮೇಲೆ ನನ್ನ ಮೂಗಿಗೆ ಅಡುಗೆಮನೆಯ ಒಗ್ಗರಣೆಯೂ ಸರಿಯಾಗಿ ಹತ್ತುವುದಿಲ್ಲ. ಈ ವಾಸನೆ ಮಾತ್ರ ಎಲ್ಲಿದ್ದರೂ ನನ್ನನ್ನು ಹುಡುಕಿಕೊಂಡು ಬರುತ್ತದೆ...

ಅವಳು ಹಳೆಯ ಫಿಲ್ಟರ್ ತಿರುಗಿಸಿ ತೆಗೆದಳು. ಹೊಸದರ ರಬ್ಬರಿಗೆ ಬೆರಳಿನಿಂದ ಎಣ್ಣೆ ಸವರಿ ಕೈಯಲ್ಲೇ ಬಿಗಿದಳು. ಅಷ್ಟು ಹೊತ್ತೂ ಬೋಲ್ಟಿನ ತಾಮ್ರದ ವಾಶರ್ ಅವಳ ಕಿರುಬೆರಳಿನಲ್ಲಿ ಉಂಗುರದಂತೆ ಇತ್ತು. ಹಾಗೆ ತೊಡಬೇಕೆಂದು ಅವಳಿಗೆ ಹೇಳಿಕೊಟ್ಟವನು ನಾನು. ನನಗೆ ಹೇಳಿಕೊಟ್ಟವರು ಭಾಲ್ಕಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಉಸ್ತಾದರು.

ಉಸ್ತಾದರು ನಿಜಾಮರ ಕಾಲದಲ್ಲಿ ತಾಲೂಕದಾರರ ಮೋಟಾರು ಓಡಿಸುತ್ತಿದ್ದವರು. ನಾನು ಆಗತಾನೆ ವಕೀಲನಾಗಿದ್ದೆ. ಮಾವನವರ ದಯೆಯಿಂದ ಒಂದು ಹಳೆಯ ಮೋಟಾರು ನನ್ನ ಮನೆಯ ಮುಂದೆ ಬಂದು ನಿಂತಿತ್ತು. ಓಡಿಸುವುದನ್ನು ಅರ್ಧಂಬರ್ಧ ಕಲಿತಿದ್ದೆ, ಜಂಬ ಮಾತ್ರ ಪೂರ್ತಿ ಇತ್ತು. ಅದರ ಆರೈಕೆಯೆಲ್ಲ ಉಸ್ತಾದರದೇ. ಆ ಗಾಡಿಗೆ ಈಗಿನಂಥ ಫಿಲ್ಟರ್ ಇರಲಿಲ್ಲ, ಒಳಗೊಂದು ಜಾಳಿಗೆ ಇತ್ತು. ಅದನ್ನು ಅವರು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಹಳೆಯ ಎಣ್ಣೆಯ ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ, ಪಾಕದ ಎಳೆ ನೋಡುವವರ ಹಾಗೆ ಎಳೆದು, ನಾನು ಗಾಡಿಯನ್ನು ಎಷ್ಟು ಹಿಂಸೆ ಮಾಡಿದ್ದೇನೆಂದು ತೀರ್ಪು ಕೊಡುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ಹಿರಿಯರು. ಬಾಯಿ ಜೋರು, ಸ್ವಚ್ಛತೆಯ ಹುಚ್ಚು ಇನ್ನೂ ಜೋರು. ಕೆಲಸ ಮುಗಿದ ಮೇಲೆ ಕಡಲೆಹಿಟ್ಟಿನಿಂದ ಕೈ ತಿಕ್ಕಿ ತೊಳೆದು, ಹತ್ತೂ ಉಗುರುಗಳನ್ನು ನನ್ನ ಮುಂದೆ ಹಿಡಿದು ತೋರಿಸುತ್ತಿದ್ದರು.

ವಾಶರಿಗೆ ಅವರು ಛಲ್ಲಾ, ಅಂದರೆ ಉಂಗುರ, ಎನ್ನುತ್ತಿದ್ದರು. ಅದಿಲ್ಲದೆ ಬಿಗಿದ ಬೋಲ್ಟು ಓಡುವ ಗಾಡಿಯಲ್ಲಿ ಸಡಿಲವಾಗಿ ಉದುರಿಹೋಗುತ್ತದೆ. ಬೋಲ್ಟು ಬಿಚ್ಚಿದ ಕೂಡಲೇ ಅದನ್ನು ಕಿರುಬೆರಳಿಗೆ ತೊಟ್ಟುಬಿಡುತ್ತಿದ್ದರು. "ಬೆರಳಾಗ ಛಲ್ಲಾ ಇರೋತನಾ ಹೊಸಾ ಎಣ್ಣಿ ಡಬ್ಬಿ ಮುಟ್ಟಬ್ಯಾಡ್ರಿ, ವಕೀಲ್ ಸಾಬ್" ಎಂದು ಎಷ್ಟು ಸಲ ಹೇಳಿದ್ದರೋ.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ರಾಜ್ಯ ಭಾರತಕ್ಕೆ ಸೇರಿ ಕೆಲವು ತಿಂಗಳು ಕಳೆದಿದ್ದವು. ಹಳೆಯ ಸರ್ಕಾರದ ನೌಕರರನ್ನು ಒಬ್ಬೊಬ್ಬರನ್ನಾಗಿ ವಿಚಾರಣೆ ಮಾಡುತ್ತಿದ್ದರು. ಉಸ್ತಾದರ ನೌಕರಿ ಹೋಗಿತ್ತು. ಯಾವ ಗಲಾಟೆಗೂ ಹೋದವರಲ್ಲ, ಆದರೂ ಅವರು ಸಂಜೆ ಹೊರಗೆ ಕೂರುವುದನ್ನು ಬಿಟ್ಟಿದ್ದರು. ಅದೇ ಹೊತ್ತಿಗೆ ಧಾರವಾಡದ ಕಡೆಯ ಹೊಸ ಸಾಹೇಬರೊಬ್ಬರು ಬಂದರು. ಅವರಿಗೆ ಚಿಂತಾಕಿಯ ಕಡೆಯ ಹಳ್ಳಿಗಳನ್ನು ನೋಡಬೇಕಿತ್ತು, ಸರ್ಕಾರಿ ಜೀಪು ಇನ್ನೂ ಬಂದಿರಲಿಲ್ಲ. ನಾನು ಮುಂದೆ ಬಿದ್ದು ನನ್ನ ಗಾಡಿ ಕೊಡುತ್ತೇನೆಂದೆ. ಸರ್ಕಾರಿ ವಕೀಲನಾಗುವ ಆಸೆ ನನಗಿತ್ತು, ಮುಚ್ಚಿಡುವುದೇನು. ಗಾಡಿ ಓಡಿಸಲು ಉಸ್ತಾದರ ಹೆಸರು ಹೇಳಿದವನೂ ನಾನೇ. ಅವರ ಕೈ ಒಳ್ಳೆಯದೆನಿಸಿದರೆ ಜೀಪಿಗೆ ಅವರನ್ನೇ ಬರೆದುಕೊಡುತ್ತೇನೆಂದು ಸಾಹೇಬರು ಒಪ್ಪಿದರು. ಉಸ್ತಾದರ ಮನೆಯಲ್ಲಿ ಅವತ್ತು ಶ್ಯಾವಿಗೆಯ ಶೀರ್‌ಕುರ್ಮಾ ಮಾಡಿ ನಮ್ಮ ಮನೆಗೂ ಕಳಿಸಿದ್ದರು.

ಹೊರಡುವ ಹಿಂದಿನ ದಿನ ಅವರು ವಿಚಾರಣೆಯ ಕಾಗದಕ್ಕಾಗಿ ಬೀದರಿಗೆ ಹೋದವರು ಅಲ್ಲೇ ಉಳಿದರು. ಮರುದಿನ ಬೆಳಗಿನ ಚಳಿಯಲ್ಲಿ ನಾನು ಕೋಟು ತೊಟ್ಟುಕೊಂಡೇ ಗಾಡಿಯ ಕೆಳಗೆ ನುಗ್ಗಿದೆ. ಸಾಹೇಬರ ಮುಂದೆ ಹೊಸ ಎಣ್ಣೆಯ ಮಾತಾಡಬೇಕು, ನಾನೇ ಬದಲಿಸಿದೆ ಎನ್ನಬೇಕು. ಛಲ್ಲಾ ಕೈಗೆ ಬಂತು. ಬೆರಳಿಗೆ ತೊಡುವುದು ಹುಡುಗಾಟವೆನಿಸಿತು, ಜೇಬಿಗೆ ಹಾಕಿದೆ. ಆಮೇಲೆ ಬೋಲ್ಟು ಬಿಗಿದೆ, ಎಣ್ಣೆ ಸುರಿದೆ, ಕೈ ತೊಳೆದೆ, ಉಗುರಿನ ಕಪ್ಪು ಹೋಗಲಿಲ್ಲ.

ಉಸ್ತಾದರು ಮೊದಲ ಬಸ್ಸಿಗೆ ಬಂದು ಇಳಿದಾಗ ಸಾಹೇಬರು ಒಳಗೆ ಚಹಾ ಕುಡಿಯುತ್ತಿದ್ದರು. ಅವರಿಗೆ ಹೇಳಲು ಇನ್ನೂ ಸಮಯ ಸಿಕ್ಕಿರಲಿಲ್ಲ, ನಾನು ಮಾಡಿದ ಕೆಲಸವನ್ನು ಮೊದಲು ಉಸ್ತಾದರಿಗೇ ಹೇಳಿದೆ. ಅವರು ಮೆಚ್ಚಲಿಲ್ಲ. ದನಿ ತಗ್ಗಿಸಿ, "ಛಲ್ಲಾ ಹಾಕೀರಿಲ್ರಿ?" ಎಂದರು.

"ಹಾಕೀನಿ. ನಡೀರಿ, ಹೊತ್ತಾಗ್ಲತ್ತದ" ಎಂದೆ. ನಿಜವಾಗಿ ನನಗೆ ನೆನಪಿರಲಿಲ್ಲ. ಕೇಳಿದ್ದೇ ನನಗೆ ಅವಮಾನವಾಗಿತ್ತು. ಅವರು ಬಗ್ಗಿ ನೋಡಲು ಹೋದರು, ಅಷ್ಟರಲ್ಲಿ ಸಾಹೇಬರು ಹೊರಗೆ ಬಂದರು. ನಾನು ಉಸ್ತಾದರ ತೋಳು ಹಿಡಿದು ಎಬ್ಬಿಸಿದೆ.

ಮಾಂಜ್ರಾ ಹೊಳೆಯಲ್ಲಿ ನೀರು ಇಳಿದಿತ್ತು, ದಾಟಿದೆವು. ಔರಾದವೂ ಹಿಂದೆ ಬಿತ್ತು. ಎರಡೂ ಕಡೆ ಜೋಳ ತೆನೆ ಹಿಡಿದು ನಿಂತಿತ್ತು. ಎಣ್ಣೆ ಎಷ್ಟಿದೆಯೆಂದು ತೋರಿಸುವ ಮುಳ್ಳು ನನ್ನ ಗಾಡಿಯಲ್ಲಿ ಯಾವತ್ತೋ ಕೆಟ್ಟಿತ್ತು, ಆದ್ದರಿಂದ ಏನೂ ತಿಳಿಯಲಿಲ್ಲ. ಉಸ್ತಾದರಿಗೆ ಸದ್ದು ತಿಳಿದು ಕಾಲು ತೆಗೆಯುವಷ್ಟರಲ್ಲಿ ಎಣ್ಣೆಯಿಲ್ಲದೆ ಇಂಜಿನ್ ಹಿಡಿದುಕೊಂಡು ಗಾಡಿ ನಿಂತುಬಿಟ್ಟಿತು. ಇಳಿದು ನೋಡಿದರೆ ತಳದ ಬೋಲ್ಟೇ ಇರಲಿಲ್ಲ. ನಾವು ಬಂದ ದಾರಿಯ ಉದ್ದಕ್ಕೂ ಎಣ್ಣೆಯ ಗೆರೆ ಇತ್ತು.

ಸಾಹೇಬರ ಕಾವಲಿಗೆಂದು ಮುಂದೆ ಕೂತಿದ್ದ ಜಮಾದಾರ ಬಂದೂಕು ಹಿಡಿದೇ ಇಳಿದ. ಇದು ಬೇಕೆಂದೇ ಮಾಡಿದ್ದು, ಸಾಹೇಬರನ್ನು ಬಯಲಲ್ಲಿ ನಿಲ್ಲಿಸಲು ನಿಜಾಮರ ಕಡೆಯ ರಜಾಕಾರರ ಮನುಷ್ಯ ಬೋಲ್ಟು ಸಡಿಲ ಮಾಡಿದ್ದಾನೆ ಎಂದ. ಆಗಿನ ದಿನಗಳಲ್ಲಿ ಅಂಥ ಮಾತಿಗೆ ಸಾಕ್ಷಿ ಬೇಕಾಗುತ್ತಿರಲಿಲ್ಲ. ಉಸ್ತಾದರು ಹೆದರಿದಂತೆ ಕಾಣಲಿಲ್ಲ, ನಾನು ಇದ್ದೆನಲ್ಲ.

"ಸಾಹೇಬ್ರ, ಮುಂಜಾನಿ ನಾ ಊರಾಗೇ ಇರಲಿಲ್ರಿ" ಎಂದವರು ನನ್ನ ಕಡೆ ತಿರುಗಿದರು. "ವಕೀಲ್ ಸಾಬ್, ನೀವೇ ಹೇಳ್ರಿ."

ಸಾಹೇಬರು ನನ್ನತ್ತ ನೋಡಿದರು. ಆಗ ನನಗೆ ನನ್ನ ಉಗುರುಗಳ ನೆನಪಾಯಿತು. ಕೈಗಳನ್ನು ಕೋಟಿನ ಜೇಬಿಗೆ ತೂರಿಸಿದೆ. ಬಲಗೈಗೆ ಛಲ್ಲಾ ತಗುಲಿತು...

ಇಲ್ಲಿ ನಾನು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮುಷ್ಟಿಯಲ್ಲಿ ಅದನ್ನು ಹಿಡಿದುಕೊಂಡೇ ನಾನು ಮಾತಾಡಿದ್ದು. ನಿಮ್ಮ ಗಾಡಿಯ ಎಣ್ಣೆ ಬದಲಿಸುವವರು ಯಾರು ಎಂದು ಸಾಹೇಬರು ಕೇಳಿದರು.

"ನಮ್ಮ ಗಾಡಿ ಎಣ್ಣಿ ಯಾವಾಗ್ಲೂ ಇವರೇ ಬದಲಿ ಮಾಡ್ತಾರ್ರಿ" ಎಂದೆ.

ಒಂದಕ್ಷರವೂ ಸುಳ್ಳಲ್ಲ. ಯಾವ ಅದಾಲತ್ತಿನಲ್ಲೂ ಆ ಮಾತಿಗಾಗಿ ನನ್ನನ್ನು ಹಿಡಿಯಲಾಗುತ್ತಿರಲಿಲ್ಲ. ನಾನು ಕಲಿತ ವಿದ್ಯೆಯೆಲ್ಲ ಅವತ್ತು ಅಷ್ಟಕ್ಕೆ ಉಪಯೋಗವಾಯಿತು. ಉಸ್ತಾದರು ಕುತ್ತಿಗೆಯ ವಸ್ತ್ರ ತೆಗೆದು ಕೈ ಒರೆಸಿಕೊಳ್ಳತೊಡಗಿದರು, ಒಂದೊಂದೇ ಬೆರಳು. ಆ ಕೈಗಳಲ್ಲಿ ಒರೆಸಲು ಏನೂ ಇರಲಿಲ್ಲ.

ಗಾಡಿಗೆ ಎತ್ತು ಕಟ್ಟಿ ಔರಾದಕ್ಕೆ ಎಳೆಸಿದರು. ಉಸ್ತಾದರನ್ನು ಅಲ್ಲಿಂದ ಬೀದರಿಗೆ ಒಯ್ದರು, ಏಳು ತಿಂಗಳು ಒಳಗಿಟ್ಟರು. ಮೊದಲ ವಾರವೇ ಅವರ ಹೆಂಡತಿ ನಮ್ಮ ಹಿತ್ತಲ ಬಾಗಿಲಿಗೆ ಬಂದು, ವಕಾಲತ್ತು ನೀವೇ ಹಿಡಿಯಬೇಕು, ನಮಗೆ ಬೇರೆ ಯಾರು ಗೊತ್ತು ಎಂದು ಸೆರಗೊಡ್ಡಿದರು. ನಾನೇ ಸಾಕ್ಷಿಯಾದದ್ದರಿಂದ ಕಾಯಿದೆ ಒಪ್ಪುವುದಿಲ್ಲ ಎಂದೆ. ಅದೂ ನಿಜವೇ. ಆ ತಾಯಿ ಹೌದೇನ್ರಿ ಎಂದು ತಲೆಯಾಡಿಸಿ, ನನ್ನ ಮಾತನ್ನು ಪೂರ್ತಿ ನಂಬಿ ಹೊರಟುಹೋದರು. ಅವರು ನಂಬಿದ್ದನ್ನು ನೆನೆದರೆ ನನಗೆ ಈಗಲೂ ಮೈ ಹಿಡಿಯಾಗುತ್ತದೆ.

ಬಿಡುಗಡೆಯಾದ ಮೇಲೆ ಉಸ್ತಾದರು ಒಮ್ಮೆ ನಮ್ಮ ಮನೆಗೆ ಬಂದಿದ್ದರು. ಅಷ್ಟರಲ್ಲಿ ನಾನು ಸರ್ಕಾರಿ ವಕೀಲನಾಗಿದ್ದೆ. ದನಿ ಕೇಳಿ ಒಳಕೋಣೆಗೆ ಸರಿದು, ಮನೆಯಲ್ಲಿಲ್ಲ ಎಂದು ಹೇಳಲು ಹೆಂಡತಿಗೆ ಸನ್ನೆ ಮಾಡಿದೆ. ಅವರು ನೀರು ಕೇಳಿ ಕುಡಿದರು. ಗಾಡಿ ಮತ್ತೆ ಓಡಿತೋ ಇಲ್ಲವೋ ಎಂದು ವಿಚಾರಿಸಿದರು. ಹೋಗುವಾಗ ಕಾಗದದ ಸಣ್ಣ ಪೊಟ್ಟಣವೊಂದನ್ನು ಕಟ್ಟೆಯ ಮೇಲಿಟ್ಟು, "ವಕೀಲ್ ಸಾಬರಿಗಿ ಕೊಡ್ರಿ, ತಂಗಿ. ಅವರ ಬಲ್ಲಿ ಇರಲಿಕ್ಕಿಲ್ಲ" ಎಂದರು. ಬಾಗಿಲ ಸಂದಿಯಿಂದ ನನಗೆ ಅವರ ಕೈ ಮಾತ್ರ ಕಂಡಿತು. ಉಗುರುಗಳಲ್ಲಿ ಕಪ್ಪು ಇತ್ತು. ಪೊಟ್ಟಣದಲ್ಲಿ ಒಂದು ಹೊಸ ಛಲ್ಲಾ ಇತ್ತು.

ಆಮೇಲೆ ಅವರು ಮನೆ ಖಾಲಿ ಮಾಡಿ ಉದಗೀರಿನ ಕಡೆ ಹೋದರಂತೆ. ಉದಗೀರೇನು ದೂರವಲ್ಲ. ಕೇಸಿಗೆಂದು ಎಷ್ಟೋ ಸಲ ಆ ಊರಿನ ಮೇಲೆಯೇ ಹೋಗಿ ಬಂದೆ, ಬಸ್ಸಿನಿಂದ ಇಳಿಯಲಿಲ್ಲ. ಈಗ ಅವರು ಇರುವುದು ಸಾಧ್ಯವಿಲ್ಲ. ಕ್ಷಮೆ ಕೇಳಲು ಮನುಷ್ಯರೇ ಇಲ್ಲದ ಹಾಗೆ ಆಗುವವರೆಗೂ ನಾನು ಕಾದೆ ಅನಿಸುತ್ತದೆ.

ಭಾನುವಾರ ಮಗಳು ಬೆರಳಿನಿಂದ ವಾಶರ್ ತೆಗೆದು ಬೋಲ್ಟಿಗೆ ಹಾಕಿ ಬಿಗಿದಳು. ಆಮೇಲೆ ಹೊಸ ಎಣ್ಣೆಯ ಡಬ್ಬಿ ಎತ್ತಿಕೊಂಡಳು. ಸುರಿಯುತ್ತಲೇ, ಈ ಉಂಗುರದ ಉಪಾಯ ನಿಮಗೆ ಯಾರು ಕಲಿಸಿದ್ದು ಅಪ್ಪ ಎಂದು ಕೇಳಿದಳು. ನಮ್ಮ ಪಕ್ಕದ ಮನೆಯ ಉಸ್ತಾದರು ಎಂದೆ. ನನ್ನ ಕೋಣೆಯ ಪೆಟ್ಟಿಗೆಯಲ್ಲಿ ಎರಡು ಛಲ್ಲಾಗಳಿವೆ, ಒಂದು ಹಳೆಯದು, ಒಂದು ಒಮ್ಮೆಯೂ ಬಳಸದ್ದು. ಎದ್ದು ಹೋಗಿ ತಂದು ಅವಳ ಕೈಗಿಡಬಹುದಿತ್ತು. ಇಡಬೇಕೆಂದು ಕುರ್ಚಿಯ ಕೈ ಹಿಡಿದೆ ಕೂಡ...

"ಆಮ್ಯಾಲ ಅವರು ಏನಾದ್ರು, ಅಪ್ಪಾ?"

"ಊರು ಬಿಟ್ಟು ಹೋದ್ರವ್ವಾ" ಎಂದೆ.

ಅದರಲ್ಲೂ ಒಂದಕ್ಷರ ಸುಳ್ಳಿಲ್ಲ.