ಅರ್ಧ ಬಾವಿಯ ಮನೆ

ಮಣಿಪಾಲದಲ್ಲಿ ನಾನು ಕೊಂಡ ಮನೆಗೆ ಅರ್ಧ ಬಾವಿ ಇತ್ತು. ಇನ್ನರ್ಧ ಪಕ್ಕದ ಮನೆಯವರದು.

ಆ ಕಾಲನಿಯನ್ನು ಮಾಡಿದವರು ಗುಡ್ಡವನ್ನು ಅಳೆದು, ರಸ್ತೆಗಳನ್ನು ನೇರವಾಗಿ ಎಳೆದು, ಒಂದೇ ನಕ್ಷೆಯ ಹೆಂಚಿನ ಮನೆಗಳನ್ನು ಸಾಲಾಗಿ ಕಟ್ಟಿಸಿದ್ದರು. ಗುಡ್ಡವೆಂದರೆ ಮುರಕಲ್ಲು. ಅದರಲ್ಲಿ ಬಾವಿ ತೋಡುವುದು ಸುಲಭವಲ್ಲ. ಹಾಗಾಗಿ ಎರಡು ಮನೆಗಳಿಗೆ ಒಂದರಂತೆ, ಸರಿಯಾಗಿ ಗಡಿಯ ಮೇಲೆ ಬಾವಿ ತೋಡಿಸಿದ್ದರು. ಕಂಪೌಂಡ್ ಗೋಡೆ ಹಿತ್ತಿಲ ಕಡೆಯಿಂದ ಬಂದು ಬಾವಿಕಟ್ಟೆಗೆ ತಾಗಿ ನಿಲ್ಲುತ್ತಿತ್ತು. ಬಾವಿಯ ಆಚೆ ಬದಿಯಿಂದ ಮತ್ತೆ ಶುರುವಾಗಿ ರಸ್ತೆಗೆ ಹೋಗುತ್ತಿತ್ತು. ನಡುವೆ ಬಾವಿಯಷ್ಟು ಅಗಲದ ಜಾಗ ತೆರೆದೇ ಇತ್ತು. ಎರಡು ರಾಟೆ, ಎರಡು ಹಗ್ಗ, ಕೆಳಗೆ ಒಂದೇ ನೀರು.

ಆ ತೆರೆದ ಜಾಗವನ್ನು ನೋಡಿಯೇ ನಾನು ಮನೆ ಕೊಂಡದ್ದು. ಅದಕ್ಕೆ ಕಾರಣವನ್ನು ಹೇಳಬೇಕು.

ನಾನು ನರ್ಸ್ ಆಗಿದ್ದೆ. ಇಪ್ಪತ್ತು ವರ್ಷ ಹಾಸ್ಟೆಲಿನ ಒಂದು ಕೋಣೆಯಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ಸಾಲಿನಲ್ಲೇ ಮೂರು ಬಾಗಿಲು ಆಚೆ ಇದ್ದ ಒಬ್ಬ ಹಿರಿಯ ನರ್ಸ್ ತೀರಿಕೊಂಡರು. ರಜೆ ಹಾಕಿದ್ದರು, ಊರಿಗೆ ಹೋಗಿದ್ದಾರೆಂದು ನಾವೆಲ್ಲ ತಿಳಿದಿದ್ದೆವು. ಊರಿನವರಿಗೆ ರಜೆಯ ಸಂಗತಿಯೇ ಗೊತ್ತಿರಲಿಲ್ಲ. ಮುಚ್ಚಿದ ಕೋಣೆಯೊಳಗೆ ಅವರು ಸತ್ತದ್ದು ಎರಡು ದಿನ ಯಾರಿಗೂ ತಿಳಿಯಲಿಲ್ಲ. ಆ ಎರಡು ದಿನಗಳಲ್ಲಿ ನಾನು ಅವರ ಬಾಗಿಲ ಮುಂದೆ ನಾಲ್ಕು ಸಲ ಹಾದುಹೋಗಿದ್ದೆ. ನಾನು ಎಣಿಸಿ ನೋಡಿದ್ದೇನೆ. ಮೂರನೆಯ ಸಲ, ಅವರ ಚಪ್ಪಲಿ ಹೊರಗೇ ಇದೆಯಲ್ಲ ಎಂದು ಮನಸ್ಸಿಗೆ ಬಂತು. ಡ್ಯೂಟಿಗೆ ಹೊತ್ತಾಗಿತ್ತು. ಹೋದೆ.

ಆಮೇಲೆ ನನಗೆ ಆ ಕೋಣೆಯಲ್ಲಿ ಇರಲಾಗಲಿಲ್ಲ. ನನಗೆ ಬೇಕಾಗಿದ್ದದ್ದು ಸ್ವಂತ ಮನೆ ಎಂಬುದಕ್ಕಿಂತ, ನಾನು ಒಂದು ಬೆಳಿಗ್ಗೆ ಏಳದಿದ್ದರೆ ಅದನ್ನು ಗಮನಿಸುವ ಒಬ್ಬರು. ಇದನ್ನು ಯಾರಿಗೂ ಹೇಳಿರಲಿಲ್ಲ. ಕಾಪುವಿನಲ್ಲಿ ಇದ್ದ ನನ್ನ ಅಣ್ಣ ಕೇಳಿದ.

"ಎಂತಕ್ಕೆ ಆ ಹಳೆ ಮನೆ? ಹೆಂಚು ಸೋರ್ತದೆ. ಈಚೆ ಹೊಸ ಸೈಟು ಬೇಕಾದಷ್ಟು ಉಂಟು, ಚಂದದ ಟೆರೇಸು ಮನೆ ಕಟ್ಟಬಹುದು."

"ಹೊಸ ಸೈಟಿನಲ್ಲಿ ನೆರೆಕರೆ ಇಲ್ಲ," ಅಂದೆ.

"ನೆರೆಕರೆಯವರು ಹೆಂಚು ಸೋರುವುದನ್ನು ನಿಲ್ಲಿಸ್ತಾರಾ?" ಎಂದು ಅವನು ನಕ್ಕ.

ಮನೆ ನೋಡಲು ಹೋದ ದಿನ, ಮಾರುವವರು ಒಳಗೆ ಕಿಟಕಿಯ ಚಿಲಕ ತೋರಿಸುತ್ತಿದ್ದಾಗ ಹಿತ್ತಿಲಿನಿಂದ ರಾಟೆಯ ಸದ್ದು ಕೇಳಿತು. ಹೊರಗೆ ಬಂದೆ. ಬಾವಿಯ ಆಚೆ ಬದಿಯಲ್ಲಿ ನನಗಿಂತ ಸ್ವಲ್ಪ ಹಿರಿಯ ಹೆಂಗಸು ಹಗ್ಗ ಹಿಡಿದು ನಿಂತಿದ್ದರು. ಬ್ರಾಹ್ಮಣರ ಮನೆ, ಗಂಡ ಒಂದು ಕಚೇರಿಯಲ್ಲಿ ಗುಮಾಸ್ತರು.

"ಮನೆ ನೋಡಲಿಕ್ಕೆ ಬಂದದ್ದಾ? ಯಜಮಾನರು ಎಲ್ಲಿ, ಗಲ್ಫಿನಲ್ಲಾ?"

"ಮದುವೆ ಆಗಿಲ್ಲ. ನಾನು ನರ್ಸು."

"ಅದೂ ಒಳ್ಳೆಯದೇ ಬಿಡಿ ಸಿಸ್ಟರ್. ಇಲ್ಲಿ ಒಬ್ಬರಿದ್ದಾರೆ, ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು ಕನ್ನಡಕ ಎಲ್ಲಿ ಅಂತ ನನ್ನನ್ನು ಕೇಳುವುದು." ಕೊಡಪಾನಕ್ಕೆ ನೀರು ಬಗ್ಗಿಸಿದರು. "ಮೀನು ಮಾಡ್ತೀರಲ್ವಾ?"

ನಾನು ಸ್ವಲ್ಪ ತಡೆದು, "ಮಾಡ್ತೇನೆ," ಅಂದೆ.

"ನಮ್ಮ ಬೆಕ್ಕಿಗೆ ಒಳ್ಳೆಯ ಕಾಲ ಬಂತು. ಇಷ್ಟು ವರ್ಷ ಪಾಪ, ಮೊಸರನ್ನದಲ್ಲಿ ಕಳೆಯಿತು."

ಬೆಳಿಗ್ಗೆ ಎಷ್ಟು ಹೊತ್ತಿಗೆ ನೀರು ಸೇದುತ್ತೀರಿ ಎಂದು ಕೇಳಿದೆ. ಐದೂವರೆಗೆ ಎಂದರು. "ಈ ಮನೆಯವರೂ ಅಷ್ಟು ಹೊತ್ತಿಗೇ. ಒಂದು ದಿನ ಈ ಕಡೆಯ ರಾಟೆ ಕೇಳದಿದ್ದರೆ ನಾನು ಇಲ್ಲಿಂದಲೇ ಕೂಗಿ ಕೇಳುವುದು, ಎಂತ, ಜ್ವರವಾ ಅಂತ."

ನಾನು ಒಳಗೆ ಹೋಗಿ ಮಾರುವವರಿಗೆ ಆಗಬಹುದು ಅಂದೆ. ಅಡಿಗೆಮನೆಯನ್ನು ಇನ್ನೂ ನೋಡಿರಲಿಲ್ಲ.

ಮನೆ ಬಿಟ್ಟುಕೊಡುವ ದಿನ ಮಾರಿದವರು ನನಗೆ ಎಲ್ಲವನ್ನೂ ತಿಳಿಸಿದರು. ಯಾವ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಕಸದವನು ಯಾವ ದಿನ ಬರುತ್ತಾನೆ, ರಸ್ತೆ ಬದಿಯ ಮರದ ಕೊಂಬೆ ಕಡಿಯಬೇಕಾದರೆ ಕಾಲನಿಯ ಸಮಿತಿಯಲ್ಲಿ ಯಾರನ್ನು ಕೇಳಬೇಕು. ಒಂದನ್ನು ಮಾತ್ರ ಹೇಳಲಿಲ್ಲ. ಅವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನಿಸಿರಲಿಕ್ಕಿಲ್ಲ.

ಒಂದು ಸೋಮವಾರ ಬೆಳಿಗ್ಗೆ ನಮ್ಮ ಇಗರ್ಜಿಯ ಪಾದ್ರಿಗಳು ಬಂದು ಮನೆಯನ್ನು ಆಶೀರ್ವದಿಸಿದರು. ಅಣ್ಣ, ಅತ್ತಿಗೆ, ಇಬ್ಬರು ನರ್ಸುಗಳು ಇದ್ದರು. ಪಾದ್ರಿಗಳು ಒಂದೊಂದು ಕೋಣೆಗೂ ಆಶೀರ್ವಾದದ ನೀರು ಚಿಮುಕಿಸಿ, ಕೊನೆಗೆ ಹಿತ್ತಿಲಿಗೆ ಬಂದು, ಪ್ರಾರ್ಥನೆ ಹೇಳಿ, ಬಾವಿಗೂ ಚಿಮುಕಿಸಿದರು. ನಮ್ಮಲ್ಲಿ ಹಾಗೆಯೇ. ಹನಿಗಳು ಬಿದ್ದದ್ದು ನನ್ನ ಅರ್ಧಕ್ಕೋ ಅವರ ಅರ್ಧಕ್ಕೋ, ಹೇಳಲಾರೆ. ನಾನು ತಲೆಯೆತ್ತಿದಾಗ ಆಚೆ ಮನೆಯ ಅಕ್ಕ ತಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ನಕ್ಕೆ. ಅವರೂ ನಕ್ಕರು ಎಂದೇ ನನ್ನ ನೆನಪು.

ಮರುದಿನ ಐದೂವರೆಗೆ ಆಚೆಯ ರಾಟೆ ಸದ್ದು ಮಾಡಲಿಲ್ಲ.

ಬುಧವಾರವೂ ಇಲ್ಲ. ಅವರ ಹಗ್ಗ ರಾಟೆಗೆ ಸುತ್ತಿಟ್ಟಂತೆಯೇ ಒಣಗಿ ನಿಂತಿತ್ತು. ಜ್ವರವಿರಬೇಕೆಂದು ಕೂಗಿ ಕೇಳಲು ಬಾವಿಕಟ್ಟೆಯ ಹತ್ತಿರ ಹೋದೆ. ಅಷ್ಟರಲ್ಲಿ ಗೇಟಿನ ಆಚೆ, ರಸ್ತೆಯಲ್ಲಿ ಆ ಅಕ್ಕ ಕಂಡರು. ಸೊಂಟದಲ್ಲಿ ಕೊಡಪಾನ. ತಿರುವಿನಲ್ಲಿದ್ದ ಬೀದಿನಲ್ಲಿಯಿಂದ ನೀರು ತರುತ್ತಿದ್ದರು. ನಾನು ಗೇಟಿಗೆ ಬಂದು, "ಅಕ್ಕಾ, ಎಂತ, ನಲ್ಲಿಯಿಂದ?" ಅಂದೆ. ಅವರು ತಲೆ ತಗ್ಗಿಸಿ, ರಸ್ತೆಯ ಆಚೆ ಅಂಚಿಗೆ ಸರಿದು, "ಹೌದು, ಕೆಲವು ದಿನ ಹೀಗೇ," ಎಂದು ನಿಲ್ಲದೆ ಹೋದರು.

ಆಚೆ ಅಂಚಿಗೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಅದರಲ್ಲಿ ತಪ್ಪಿಲ್ಲ. ತಪ್ಪಿದ್ದು ಆಮೇಲೆ ನಾನು ಕಟ್ಟಿಕೊಂಡದ್ದರಲ್ಲಿ. ಪಾದ್ರಿಗಳ ನೀರು ಬಿದ್ದ ಬಾವಿ ಅವರಿಗೆ ಮೈಲಿಗೆಯಾಯಿತು ಎಂದು ತೀರ್ಮಾನಿಸಿದೆ. ಬೆಕ್ಕಿನ ಮಾತು, ಜ್ವರದ ಮಾತು, ಎಲ್ಲ ಬರಿಯ ಬಾಯಿಮಾತಿನ ಉಪಚಾರ ಎಂದು ತೀರ್ಮಾನಿಸಿದೆ. ದಿನವೂ ಎರಡು ಸಲ ಅವರು ನನ್ನ ಗೇಟಿನ ಮುಂದೆ ಕೊಡಪಾನ ಹೊತ್ತು ಹೋಗುತ್ತಿದ್ದರು. ನಾನು ಕಿಟಕಿಯ ಒಳಗೆ ನಿಂತು ನೋಡುತ್ತಿದ್ದೆ. ಗಂಡ ಎಂದಿನಂತೆ ಕಚೇರಿಗೆ ಹೋಗುತ್ತಿದ್ದರು. ಮನೆಯಲ್ಲಿ ಅಳು ಇಲ್ಲ, ನೆಂಟರ ಓಡಾಟವಿಲ್ಲ. ಬಾಗಿಲು ತಟ್ಟಿ ಕೇಳಬಹುದಿತ್ತು. ತಟ್ಟಲಿಲ್ಲ.

ಎಂಟನೆಯ ದಿನ ಮೇಸ್ತ್ರಿಯನ್ನು ಕರೆಸಿದೆ. ಬಾವಿಯ ಮೇಲೆ ಅಡ್ಡಕ್ಕೆ ಒಂದು ತೊಲೆ ಹಾಕಿ, ಅದರ ಮೇಲೆ ಗೋಡೆ ಏರಿಸಿ, ತೆರೆದ ಜಾಗವನ್ನು ಮುಚ್ಚಬೇಕೆಂದು ಹೇಳಿದೆ.

"ನೀರು ಕೆಳಗೆ ಒಂದೇ ಅಲ್ವಾ ಬಾಯಮ್ಮ, ಮೇಲೆ ಗೋಡೆ ಎಂತಕ್ಕೆ?" ಅವನು ತಲೆ ಕೆರೆದುಕೊಂಡ. "ಬಾಲ್ದಿಗೆ ಬಾಲ್ದಿ ಜಗಳ ಮಾಡಿತಾ?"

"ಕಟ್ಟಿ ಅಂದರೆ ಕಟ್ಟಿ," ಅಂದೆ.

ಎರಡು ದಿನ ಕೆಲಸ ನಡೆಯಿತು. ಮೊದಲ ದಿನ ಸಿಮೆಂಟಿನ ತೊಲೆ ತಂದು ಕೂರಿಸಿದರು. ಎರಡನೆಯ ದಿನ ಆಚೆ ಮನೆಯ ಯಜಮಾನರು ಕಚೇರಿಯಿಂದ ಬೇಗ ಬಂದಿದ್ದರು. ಹಿತ್ತಿಲಲ್ಲಿ ನಿಂತು ಕಲ್ಲು ಏರುವುದನ್ನು ನೋಡಿದರು. ನಮ್ಮ ನಡುವೆ ಆಗ ಸೊಂಟದೆತ್ತರದ ಗೋಡೆ. ಆಮೇಲೆ ಒಳಗೆ ಹೋದರು. ಅವರಿಗೂ ಗೊತ್ತಾಗಲಿ ಎಂದು ನನಗೆ ಒಂದು ಸಮಾಧಾನವಾಯಿತು. ಅದನ್ನೂ ಬರೆಯುವುದು ಸರಿ.

ಮೇಸ್ತ್ರಿ ಹೋಗಿ ಎರಡು ದಿನಕ್ಕೆ, ಬೆಳಿಗ್ಗೆ, ಆ ಅಕ್ಕ ನನ್ನ ಗೇಟು ತೆಗೆದು ಒಳಗೆ ಬಂದರು. ತಲೆಗೆ ಸ್ನಾನ ಮಾಡಿ ಕೂದಲು ಬಿಟ್ಟಿದ್ದರು. ಕೈಯಲ್ಲಿ ಒಂದು ಬುಟ್ಟಿ, ಅದರಲ್ಲಿ ಮಟ್ಟುವಿನ ಗುಳ್ಳ ಬದನೆ.

"ನಿನ್ನೆಗೆ ಮುಗಿಯಿತು ಸಿಸ್ಟರ್," ಎಂದರು. "ಕಾರ್ಕಳದಲ್ಲಿ ಇವರ ದೊಡ್ಡಪ್ಪ ಹೋದರು. ನಿಮ್ಮ ಮನೆ ಒಕ್ಕಲಿನ ದಿನವೇ ಮಧ್ಯಾಹ್ನ ಸುದ್ದಿ ಬಂತು. ಹತ್ತು ದಿನ ಸೂತಕ. ನೀವು ಆಗಷ್ಟೇ ಮನೆ ಹೊಕ್ಕವರು, ನಾವು ಸೂತಕದ ಕೈಯಲ್ಲಿ ನಿಮ್ಮ ನೀರಿಗೆ ಬಾಲ್ದಿ ಇಳಿಸುವುದಾ? ಈ ಬಾವಿ ಆದಾಗಿನಿಂದ ಹಾಗೇ, ಯಾವ ಮನೆಗೆ ಸೂತಕ ಬಂದರೂ ಅವರು ನಲ್ಲಿಗೆ ಹೋಗುವುದು. ನಲ್ಲಿಯದು ಹರಿಯುವ ನೀರು, ದೋಷ ಇಲ್ಲ. ನಿಮಗೆ ಮೊದಲಿನವರು ಹೇಳಲಿಲ್ವಾ?"

"ಇಲ್ಲ," ಅಂದೆ.

"ನಿಮ್ಮ ಪಾದ್ರಿಗಳು ಬಾವಿಗೆ ತೀರ್ಥ ಹಾಕಿದರಲ್ಲ, ಇವರಿಗೆ ಬಹಳ ಖುಷಿ. ಇನ್ನು ಈ ಬಾವಿ ಬತ್ತುವುದಿಲ್ಲ ನೋಡು, ಎರಡೂ ಪಾರ್ಟಿಯ ಸಪೋರ್ಟು ಸಿಕ್ಕಿತು ಅಂದರು."

ಅವರು ನಗುತ್ತಿದ್ದಾಗ ನಾನು ಬುಟ್ಟಿಯನ್ನು ಹಿಡಿದು ನಿಂತಿದ್ದೆ. ಆಮೇಲೆ ಅವರು ಮೆಲ್ಲಗೆ, "ಗೋಡೆ ಎಂತಕ್ಕೆ ಕಟ್ಟಿಸಿದ್ದು?" ಎಂದು ಕೇಳಿದರು.

ನಾನು ಹೇಳಿದ್ದು ಇಷ್ಟು: "ನಾನು ಒಬ್ಬಳೇ ಅಲ್ವಾ ಅಕ್ಕ. ಸ್ವಲ್ಪ ಮರೆ ಇರಲಿ ಅಂತ."

ನಿಜ ಹೇಳಿದ್ದರೆ, ನಾನು ಅವರನ್ನು ಹತ್ತು ದಿನ ಎಂಥವರೆಂದು ಎಣಿಸಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಅವರು ತಲೆಯಾಡಿಸಿದರು. "ಅದೂ ಸರಿಯೇ," ಎಂದು ಗೇಟು ಹಾಕಿಕೊಂಡು ಹೋದರು.

ಜಗಳವಿರಲಿಲ್ಲ. ಹಬ್ಬಕ್ಕೆ ಅವರು ಕಳಿಸಿದ್ದನ್ನು ನಾನು ತಿಂದೆ. ಕ್ರಿಸ್‌ಮಸ್ಸಿಗೆ ಮೊಟ್ಟೆ ಹಾಕದೆ ಮಾಡಿದ ತಿಂಡಿಯನ್ನು ಅವರಿಗೆ ಕೊಟ್ಟೆ. ಎಲ್ಲವೂ ಗೇಟಿನಲ್ಲಿ. ಬೆಕ್ಕು ಮಾತ್ರ ಗೋಡೆ ಹಾರಿ ಬರುತ್ತಿತ್ತು. ಎರಡು ವರ್ಷಕ್ಕೆ ಕಾಲನಿಯಲ್ಲೆಲ್ಲ ಪಂಪು ಬಂತು. ಟ್ಯಾಂಕು ತುಂಬಿದರೆ ಬಾವಿಯ ಕಡೆಗೆ ಹೋಗುವ ಅಗತ್ಯವೇ ಇರಲಿಲ್ಲ. ರಾಟೆಗಳನ್ನು ಕಳಚಿ ಇಟ್ಟೆವು.

ಮನೆ ಕೊಂಡ ಆರನೆಯ ವರ್ಷ, ಜುಲೈಯಲ್ಲಿ, ಕಾಪುವಿಗೆ ಹೋಗೋಣವೆಂದು ಒಂದು ವಾರ ರಜೆ ಹಾಕಿದೆ. ಅಣ್ಣನಿಗೆ ತಿಳಿಸಿರಲಿಲ್ಲ. ಹೊರಡುವ ಬೆಳಿಗ್ಗೆ ಚಳಿ ಬಂದು ಜ್ವರ ಏರಿತು. ನಾನು ನರ್ಸ್, ಎಷ್ಟು ಏರಿದೆ ಎಂದು ನನಗೆ ತಿಳಿಯುತ್ತಿತ್ತು. ಎರಡನೆಯ ದಿನ ಎದ್ದು ನಿಲ್ಲಲಾಗಲಿಲ್ಲ. ಕೂಗಿದೆ. ಮಳೆ ಹೆಂಚಿನ ಮೇಲೆ ಬೀಳುತ್ತಿತ್ತು, ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಆಸ್ಪತ್ರೆಯವರಿಗೆ ನಾನು ಕಾಪುವಿನಲ್ಲಿ. ಕಾಪುವಿನವರಿಗೆ ನಾನು ಆಸ್ಪತ್ರೆಯಲ್ಲಿ. ಮಲಗಿದಲ್ಲಿಂದ ನನ್ನ ಚಪ್ಪಲಿಗಳು ಕಾಣುತ್ತಿದ್ದವು.

ನಾಲ್ಕನೆಯ ದಿನ ಜ್ವರ ಇಳಿಯಿತು. ಗೋಡೆ ಹಿಡಿದುಕೊಂಡು ಹೋಗಿ ಗಂಜಿ ಬೇಯಿಸಿದೆ. ಯಾರೂ ಬಂದಿರಲಿಲ್ಲ. ಆಚೆ ಮನೆಯವರನ್ನು ದೂರಲು ನನಗೆ ಬಾಯಿಲ್ಲ.

ನಡೆಯುವಷ್ಟಾದ ಮೇಲೆ ಪಕ್ಕದ ಮನೆಗೆ ಹೋದೆ. ಅಕ್ಕ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದರು. ಕುಳಿತು ಎಲ್ಲವನ್ನೂ ಹೇಳಿದೆ. ಪಾದ್ರಿಗಳ ನೀರು, ಕೊಡಪಾನ, ರಸ್ತೆಯ ಅಂಚು, ನಾನು ಎಣಿಸಿದ್ದು, ಆಮೇಲೆ ಹೇಳಿದ ಸುಳ್ಳು, ಜ್ವರ. ಅವರ ಕೈ ನಿಂತಿತು.

"ಹಾಗೆ ಎಣಿಸಿದಿರಾ?" ಎಂದರು. ಆಮೇಲೆ, "ಕೇಳಬಾರದಿತ್ತಾ ಸಿಸ್ಟರ್?"

"ಕೇಳಬೇಕಿತ್ತು."

"ಸಿಸ್ಟರಿಗೆ ಒಬ್ಬರೇ ಇರುವುದು ಇಷ್ಟ, ಸುಮ್ಮನೆ ತೊಂದರೆ ಕೊಡಬೇಡ ಅಂತ ಇವರು ಆವತ್ತೇ ಹೇಳಿದ್ದರು. ನಾನು ಎಷ್ಟೋ ಸಲ ಬರಲಿಕ್ಕೆ ಹೊರಟು ನಿಂತದ್ದುಂಟು."

ಗೋಡೆ ಕೆಡವಿಸುತ್ತೇನೆ ಅಂದೆ. ಅವರು ಒಂದು ಬೀಜವನ್ನು ಸುಲಿದು ಪಾತ್ರೆಗೆ ಹಾಕಿದರು. "ಈಗ ಬಾವಿಯ ಹತ್ತಿರ ಯಾರು ಬರ್ತಾರೆ ಹೇಳಿ? ಪಂಪಿನ ಸ್ವಿಚ್ಚು ಒಳಗೆ ಉಂಟು." ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಡುವಾಗ ಅವರು ಒಳಗೆ ಹೋಗಿ, ಕ್ಯಾಲೆಂಡರಿನ ಹಾಳೆಯ ಹಿಂದೆ ತಮ್ಮ ಮನೆಯ ಫೋನ್ ನಂಬರು ಬರೆದು ತಂದುಕೊಟ್ಟರು. ಅವರಿಗೆ ಆ ವರ್ಷವಷ್ಟೇ ಫೋನ್ ಬಂದಿತ್ತು. "ಇನ್ನು ಜ್ವರ ಬಂದರೆ ಒಂದು ಫೋನ್ ಮಾಡಿ. ಸಂಕೋಚ ಬೇಡ."

ನನ್ನ ಮನೆಯಲ್ಲಿ ಫೋನ್ ಇರಲಿಲ್ಲ. ಹೆಸರು ಬರೆಸಿ ಕಾಯುತ್ತಿದ್ದೆ. ಪಕ್ಕದ ಮನೆಯಲ್ಲಿ ಆರು ವರ್ಷ ಇದ್ದರೂ ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿರಬೇಕಾದರೆ ಅವರು ಒಮ್ಮೆಯಾದರೂ ನನ್ನ ಮನೆಯ ಒಳಗೆ ಬಂದಿರಬೇಕಿತ್ತು.

ಆಗಲಿ ಅಕ್ಕ ಎಂದು ಹೇಳಿ, ಹಾಳೆಯನ್ನು ಮಡಿಸಿಕೊಂಡು, ಅವರ ಗೇಟಿನಿಂದ ರಸ್ತೆಗೆ ಇಳಿದು ನನ್ನ ಗೇಟಿಗೆ ನಡೆದೆ.