ಅಪಿಸಾಯಿ ಕೊಟ್ಟುಬಿಟ್ಟ ಬೂಟು

ಫಿಜಿ ದ್ವೀಪದ ಅಪಿಸಾಯಿಯನ್ನು ನಾನು ಮೊದಲು ಕಂಡದ್ದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿರುವ ನಮ್ಮ ಹೋಟೆಲಿನ ಎಚ್.ಆರ್. ಆಫೀಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ. ಬಾಗಿಲು ತುಂಬುವಂಥ ಆಳು. ಇಸ್ತ್ರಿ ಮಾಡಿದ ಸೆಕ್ಯುರಿಟಿ ಸಮವಸ್ತ್ರ, ಎದೆಯ ಮೇಲೆ ಹೊಳೆಯುವ ಹೆಸರಿನ ಪಟ್ಟಿ, ಕಾಲಲ್ಲಿ ನೀಲಿ ಹವಾಯಿ ಚಪ್ಪಲಿ.

ನಾನು ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಬೂಟಿಲ್ಲದೆ ಬಂದದ್ದಕ್ಕೆ ಅವನಿಗೆ ಕೊಟ್ಟ ಎರಡು ವಾರ್ನಿಂಗ್ ಲೆಟರುಗಳು ನನ್ನ ಮುಂದಿದ್ದವು. ಮೂರನೆಯದು ಟೈಪಾದರೆ ವೀಸಾ ರದ್ದು, ಊರಿಗೆ ವಾಪಸ್.

"ಬೂಟು ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಹಿಂದಿಯಲ್ಲಿ ಉತ್ತರಿಸಿದ. ಊರಿನ ಕಬ್ಬಿನ ಗದ್ದೆಗಳಲ್ಲಿ, ಭಾರತ ಮೂಲದವರ ಜೊತೆ ದುಡಿಯುತ್ತಾ ಕಲಿತದ್ದಂತೆ. ನನ್ನ ಹಿಂದಿಗಿಂತ ಚೆನ್ನಾಗಿತ್ತು.

"ಚಿಕ್ಕಪ್ಪನ ಮಗ ಕೇಳಿದ, ಭಾಯ್. ಕೊಟ್ಟೆ."

"ಅದಕ್ಕೂ ಮೊದಲಿನ ಜೊತೆ?"

"ಅದನ್ನು ಅವನ ತಮ್ಮ ಕೇಳಿದ."

ಅವರಲ್ಲಿ ನೆಂಟ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವಂತಿಲ್ಲ. ಈಗ ಊರೂ ಬದಲಾಗಿದೆಯಂತೆ. ಅಂಗಡಿ ಇಟ್ಟ ಅವನ ಅಕ್ಕ 'ನೆಂಟರೇ, ಕೇಳಬೇಡಿ' ಎಂದು ಬೋರ್ಡ್ ಹಾಕಿದ್ದಾಳೆ. ಮಾನ ಹೋಯಿತೆಂದು ಅವರಮ್ಮ ಎರಡು ಭಾನುವಾರ ಚರ್ಚಿಗೇ ಹೋಗಲಿಲ್ಲ.

ಒಳಗಿನಿಂದ ನಮ್ಮ ಮ್ಯಾನೇಜರ್, ಕಿನ್ನಿಗೋಳಿಯ ಸ್ವೀಡಲ್ ಮೇಡಂ ಕೂಗಿದರು. "ಎಂತ ಮಾರಾಯ, ಒಂದು ಲೆಟರಿಗೆ ಇಷ್ಟೊತ್ತಾ? ಅವನ ಕಥೆ ಕೇಳ್ತಾ ಕೂತ್ರೆ ನಿನ್ನ ಶೂಸೂ ಹೋಗ್ತದೆ, ನೋಡು!"

ನಿಯಮ ತಿಳಿಸುವುದು ನನ್ನ ಕರ್ತವ್ಯವೆಂದು ಕರಾರುಪತ್ರ ತೆರೆದು ಓದಿ ಹೇಳಿದೆ: ಸಮವಸ್ತ್ರ, ಬೂಟು ಎಲ್ಲವೂ ಕಂಪನಿಯ ಸ್ವತ್ತು, ಕೆಲಸ ಬಿಡುವಾಗ ಹಿಂದಿರುಗಿಸಬೇಕು. ಅಪಿಸಾಯಿಯ ಮುಖ ಇಳಿದುಹೋಯಿತು.

"ನನ್ನದಲ್ಲವಾ? ಹಾಗಾದರೆ ಬೇರೆಯವರದ್ದನ್ನು ದಾನ ಮಾಡಿದೆನಾ?"

ಸಂಜೆಯವರೆಗೆ ಸಮಯ ಬೇಡಿದ. "ಐದಕ್ಕೆ ಶೂಸ್ ಕಾಣದಿದ್ರೆ ಖಲಾಸ್" ಎಂದರು ಮೇಡಂ. ಅವನು ಆ ಕ್ಷಣವೇ ದುಬೈಯ ಬಸ್ಸು ಹತ್ತಿ, ಬೂಟು ಪಡೆದ ಆ ನೆಂಟರಿದ್ದ ಮುಹೈಸ್ನಾದ ಲೇಬರ್ ಕ್ಯಾಂಪಿಗೆ ಹೋದ.

ಐದಕ್ಕೆ ಹತ್ತು ನಿಮಿಷವಿರುವಾಗ ಬಂದ. ಕಂಕುಳಲ್ಲಿ ಎರಡು ಜೊತೆ ಬೂಟು, ಕಾಲು ಬರಿದು.

"ಚಪ್ಪಲಿ ಎಲ್ಲಿ?"

"ಅವರು ಬೂಟು ಕೊಟ್ಟರು. ಆಮೇಲೆ ಚಪ್ಪಲಿ ಕೇಳಿದರು. ಅದು ನನ್ನದೇ ಅಲ್ಲವಾ, ಭಾಯ್?"

"ಬೂಟು ಹಾಕಿಕೊಂಡು ಬರಬಹುದಿತ್ತಲ್ಲ?"

"ಕಂಪನಿಯದ್ದು. ಡ್ಯೂಟಿ ಇಲ್ಲದಾಗ ಹಾಕುವುದು ಹೇಗೆ?"

ಮೇಡಂ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡರು. "ಇವನನ್ನು ಯೂನಿಫಾರ್ಮ್ ಸ್ಟೋರಿಗೆ ಹಾಕು, ಮಾರಾಯ. ಒಂದು ಗುಂಡಿ ಸಹ ಹೊರಗೆ ಹೋಗ್ಲಿಕ್ಕಿಲ್ಲ."

ಮೂರನೆಯ ಲೆಟರನ್ನು ನಾನು ಟೈಪ್ ಮಾಡಲಿಲ್ಲ. ಅಪಿಸಾಯಿ ಈಗ ನಮ್ಮ ಹೋಟೆಲಿನ ಯೂನಿಫಾರ್ಮ್ ಸ್ಟೋರ್ ನೋಡಿಕೊಳ್ಳುತ್ತಾನೆ.